ಯಾರಿಗೂ ಕನ್ನಡ ತಿಳಿಯದ ಸಭೆ

ಸ್ಥಳೀಯ ಲೇಖಕರ ಗೌರವಕ್ಕೆಂದು ನಮ್ಮ ಮರಾಠಿ ಸೀಮೆಯ ವಿಶ್ವವಿದ್ಯಾಲಯದ ಗ್ರಂಥಾಲಯದವರು ಕರೆದಿದ್ದರು. ನಾನು ಕನ್ನಡದಲ್ಲಿ ಬರೆಯುವವನು. ನಮ್ಮೂರಿನ ಕಥೆಯೊಂದನ್ನು ಓದಬೇಕೆಂದು ಗಡಹಿಂಗ್ಲಜದಿಂದ ಬಸ್ಸಿನಲ್ಲಿ ನಿಂತೇ ಹೋದೆ. ಸತ್ಕಾರದ ಫೇಟಾ ತಲೆಗೇರಿದ ಮೇಲೆ ಸಂಯೋಜಕರು ನನ್ನ ಕಿವಿಯಲ್ಲಿ, “ಮರಾಠ್ಯಾಗ ಓದ್ರಿ ಸರ್. ಇಲ್ಲಿ ಯಾರಿಗೂ ಕನ್ನಡ ತಿಳಿಯಂಗಿಲ್ರಿ,” ಎಂದರು. ಆ ಪುಣ್ಯಾತ್ಮ ಅದನ್ನು ಹೇಳಿದ್ದೂ ಕನ್ನಡದಲ್ಲೇ. ಮೈಕು ಆಗಲೇ ಕೈಗೆ ಬಂದಿತ್ತು, ಜಗಳಾಡುವುದಾದರೂ ಹೇಗೆ? ಹಲ್ಲು ಕಚ್ಚಿಕೊಂಡು, ನನ್ನದೇ ಕಥೆಯನ್ನು ನಿಂತಲ್ಲೇ ಮರಾಠಿಗೆ ತಿರುಗಿಸುತ್ತ, ಕೆಡಿಸುತ್ತ ಮುಗಿಸಿದೆ.

ಚಹಾದ ಹೊತ್ತಿಗೆ, ಇಚಲಕರಂಜಿಯಿಂದ ಬಂದಿದ್ದ ಹಿರಿಯ ಹೆಂಗಸೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. “ಕನ್ನಡ ಕಥಿ ಕೇಳೂಣಂತ ನಾವು ನಾಕೈದು ಮಂದಿ ಬಂದಿದ್ವಿರಿ,” ಎಂದರು. “ನಿಮಗ ಕನ್ನಡ ಬರಂಗಿಲ್ಲೇನ್ರಿ?”