ಶಿಖರದಿಂದ ಇಳಿಯುವ ದಾರಿ

ನಮ್ಮ ಸಂಡೇಸ್ಕೂಲ್ ಟೀಚರ್ ಮಕ್ಕಳ ಕೆನ್ನೆ ಮುಟ್ಟುತ್ತಿದ್ದುದು ಕೈಯ ಹಿಂಬದಿಯಿಂದ. ವಾರವೆಲ್ಲ ಬ್ಯಾಡಗಿಯ ಗೋದಾಮಿನಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಬೆರಳುಗಳು ಅವರವು. ತುದಿಯೆಲ್ಲ ಕೆಂಪು, ಭಾನುವಾರಕ್ಕೂ ಖಾರ ಇಳಿದಿರುತ್ತಿರಲಿಲ್ಲ. ಒಮ್ಮೆ ಮರೆತು ಯಾವುದೋ ಮಗುವಿನ ಕಣ್ಣೊರೆಸಲು ಹೋಗಿ ಅದರ ಅಳು ಇಮ್ಮಡಿಯಾಗಿತ್ತಂತೆ.

ಅವರದು ಪಾಠಕ್ಕಿಂತ ಪ್ರಶ್ನೆಯೇ ಹೆಚ್ಚು. "ಅದ ಹೆಂಗ?" ಎನ್ನುವುದು ಬಾಯಲ್ಲಿ ಕೂತುಬಿಟ್ಟ ಮಾತು. ಪಾಸ್ಟರನ್ನೂ ಚರ್ಚಿನ ಬಾಗಿಲಲ್ಲಿ ಹಿಡಿದು ಕೇಳುತ್ತಿದ್ದರು. ಪಾಪ, ಪಾಸ್ಟರು ಹಿಂಬಾಗಿಲಿನಿಂದ ಜಾರಿದ್ದೂ ಉಂಟು. ಸೈತಾನ ಯೇಸುವನ್ನು ದೇವಾಲಯದ ಶಿಖರಕ್ಕೆ ಒಯ್ದು, ಧುಮುಕು, ದೇವದೂತರು ಹಿಡಿಯುತ್ತಾರೆ ಎಂದು ಪುಸಲಾಯಿಸಿದ ಕಥೆ ಹೇಳಿದ ದಿನ ನಮ್ಮನ್ನೇ ಕೇಳಿದರು: "ಧುಮುಕಲಿಲ್ಲ, ಖರೇ. ಹಂಗಾರ ಕೆಳಗ ಹೆಂಗ ಬಂದ?"

ಕೊನೆಗೆ ಅವರೇ ಹೇಳಿದರು:

"ಮೆಟ್ಟಲಾ ಇಳದು ಬಂದಿರಬೇಕು. ಮೆಟ್ಟಲಾ ಕಟ್ಟಾಕ ಬುದ್ಧಿ ಕೊಟ್ಟಾವ ಯಾರು? ಅದೂ ದೇವರ ಆಸರಾನ ಐತಿ."

ನಾವು ಬಿದ್ದು ಬಿದ್ದು ನಕ್ಕೆವು.

ನಾನು ಪಿಯುಸಿಗೆ ಸೇರಿದ ವರ್ಷ ಫಿಟ್ಸ್ ಶುರುವಾಯಿತು. ಹಾವೇರಿಯ ಡಾಕ್ಟರು ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ ಕೊಟ್ಟು, ಒಂದು ಹೊತ್ತೂ ತಪ್ಪಿಸಬಾರದು ಎಂದರು. ಫಿಟ್ಸ್ ನಿಂತವು, ಅವ್ವನ ಚಿಂತೆ ನಿಲ್ಲಲಿಲ್ಲ. ಜೀವನಪೂರ್ತಿ ಗುಳಿಗೆ ನುಂಗುವ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ?

ಆಗಲೇ ರಾಣೆಬೆನ್ನೂರಿನ ಬಯಲಿನಲ್ಲಿ ದೊಡ್ಡ ಪ್ರಾರ್ಥನಾ ಕೂಟ ನಡೆಯಿತು. ಎಲ್ಲಿಂದಲೋ ಬಂದ ಬೋಧಕರು ವೇದಿಕೆಯ ಮುಂದೆ ಬುಟ್ಟಿ ಇಡಿಸಿದ್ದರು. ನಂಬಿಕೆಯಿದ್ದವರು ಔಷಧಿಯನ್ನು ಅದರೊಳಗೆ ಎಸೆಯಬೇಕು, ಇಂದೇ ಗುಣ. ಅವ್ವ ನನ್ನ ಗುಳಿಗೆ ಡಬ್ಬಿ ಹಾಕಿಯೇಬಿಟ್ಟಳು. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಆಸೆಯಾಗಿತ್ತು.

ಜೊತೆಗೆ ಬಂದಿದ್ದ ಟೀಚರ್ ಸೆರಗು ಸಿಕ್ಕಿಸಿಕೊಂಡು ನೇರ ವೇದಿಕೆಯ ಹತ್ತಿರ ಹೋದರು. ಜಗಳದ ದನಿಯಲ್ಲಲ್ಲ, ಎಂದಿನ ಕುತೂಹಲದಲ್ಲೇ ಕೇಳಿದರು: "ಅಲ್ರೀ ಪಾಸ್ಟ್ರ, ನೀವ ಚಸ್ಮಾ ಹಾಕ್ಕೊಂಡೀರಲ್ಲ, ಅದ ಹೆಂಗ?"

ಮೈಕಿನಲ್ಲಿ ಇಡೀ ಬಯಲಿಗೆ ಕೇಳಿಸಿತು. ಬೋಧಕರು "ಹಲ್ಲೆಲೂಯ" ಎಂದು ಕೂಗಿದರು. ಅಷ್ಟರಲ್ಲಿ ಟೀಚರ್ ಬುಟ್ಟಿಯೊಳಗೆ ಕೈಯಾಡಿಸಿ ನನ್ನ ಡಬ್ಬಿ ಹುಡುಕಿ ತಂದಿದ್ದರು.

ಮರಳುವ ಬಸ್ಸಿನಲ್ಲಿ ಅವ್ವ ಮೋಟೆಬೆನ್ನೂರು ಬರುವವರೆಗೂ ಅತ್ತಳು. "ನಿಮಗ ನಂಬಿಕಿ ಇಲ್ಲ. ನನ್ನ ಮಗಳ ಬಾಳೇವು ಹಾಳ ಮಾಡಿದ್ರಿ."

"ನಾನೂ ದಿನಾ ಬೇಡಿಕೊಳ್ಳಾಕತ್ತೇನ್ರಿ ಅಕ್ಕಾರ. ಡಾಕ್ಟರ್ ಸಾಕು ಅಂದ ದಿನ ಡಬ್ಬಿ ನಾನ ಒಗೀತೇನಿ. ಅಲ್ಲೀತನಕಾ ದೇವರು ಕೊಟ್ಟಿದ್ದನ್ನ ಯಾಕ ಚೆಲ್ಲೂದು?"

ಅಂದಿನಿಂದ ಅವ್ವ ಅವರೊಡನೆ ಮಾತು ಬಿಟ್ಟಳು. ಅವರು ಬರುವುದನ್ನು ಬಿಡಲಿಲ್ಲ. ಗೋದಾಮಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ನಾನು ಗುಳಿಗೆ ನುಂಗುವವರೆಗೆ ನಮ್ಮ ಹೊಸ್ತಿಲಾಚೆ ನಿಂತಿರುತ್ತಿದ್ದರು. ಅವ್ವ ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು. ದೇವರು ನನ್ನನ್ನು ಯಾಕೆ ಪೂರಾ ಗುಣಮಾಡುತ್ತಿಲ್ಲ ಎಂದು ಒಂದು ದಿನ ಕೇಳಿದೆ.

"ನನಗೂ ತಿಳೀವಲ್ದವಾ," ಎಂದರು. "ಮ್ಯಾಲ ಹೋದ ಕೂಡಲೆ ಮೊದಲ ಅದನ್ನ ಕೇಳ್ತೇನಿ."

ನಾನಿನ್ನೂ ಗುಣವಾಗಿಲ್ಲ. ಆದರೆ ಓದು ಮುಗಿಸಿದೆ, ಕುಪ್ಪೇಲೂರಿನ ಶಾಲೆಯಲ್ಲಿ ಪಾಠ ಹೇಳುತ್ತೇನೆ, ಬಸ್ಸಿನಲ್ಲಿ ಒಬ್ಬಳೇ ಓಡಾಡುತ್ತೇನೆ. ಇದೆಲ್ಲ ಅವರು ಹಾಕಿದ ಭಿಕ್ಷೆ ಎಂದು ಅವರಿಗೆ ಬಾಯಿಬಿಟ್ಟು ಹೇಳಲಿಲ್ಲ. ಆ ಸಂಕಟ ಉಳಿದಿದೆ.

ಹೋದ ಚಳಿಗಾಲ ಟೀಚರ್ ತೀರಿಕೊಂಡರು. ಅಲ್ಲಿಯವರೆಗೂ ಅವ್ವ ಅವರೊಡನೆ ಒಂದು ಮಾತೂ ಆಡಿರಲಿಲ್ಲ. ಮಣ್ಣಿಗೂ ಬರಲಾರಳು ಅಂದುಕೊಂಡಿದ್ದೆ. ಬಂದಳು, ದೂರ ನಿಂತಳು. ಸಂಜೆ ಎಲ್ಲರೂ ಚದುರಿದ ಮೇಲೂ ನಾನು ಸಮಾಧಿಯ ಬಳಿ ಅಳುತ್ತ ಕೂತಿದ್ದೆ. ಹೊತ್ತಿನ ಪರಿವೆಯೇ ಇರಲಿಲ್ಲ. ಯಾರೋ ಭುಜ ಮುಟ್ಟಿದರು. ಅವ್ವ. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಗುಳಿಗೆ.

"ಹೊತ್ತಾತು. ತಗೋ," ಎಂದಳು.

ನಾನು ನುಂಗುವವರೆಗೂ ಅಲ್ಲಿಂದ ಕದಲಲಿಲ್ಲ.