ಕ್ಯಾಪ್ಟನ್ ದನಿ

ಎಂಬತ್ತರ ದಶಕದ ಅಂತರಿಕ್ಷ ಧಾರಾವಾಹಿಯೊಂದನ್ನು ಜನ ಹೇಗೆ ನೋಡಿದರು ಎಂಬುದರ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದ ತನ್ಮಯಿ, ಹೊಸ ತಿಪ್ಪಸಂದ್ರದ ಜಲಜಮ್ಮನ ಮನೆಗೆ ಬಂದಳು. ಹಿಂದೆ ಜಲಜಮ್ಮನವರು ವಿಮಾನಪುರದ ಕ್ವಾರ್ಟರ್ಸಿನಲ್ಲಿದ್ದಾಗ ಇಡೀ ಸಾಲಿಗೆ ಟಿ.ವಿ. ಇದ್ದದ್ದು ಇವರ ಮನೆಯಲ್ಲೊಂದೇ. ಭಾನುವಾರ ಬೆಳಿಗ್ಗೆ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರುತ್ತಿದ್ದರು.

"ನೌಕೆಗೆ ಹೆಂಗಸೇ ಕ್ಯಾಪ್ಟನ್ ಅಲ್ವಾ ಆಂಟಿ, ಅವಳನ್ನ ನೋಡಿ ನಿಮಗೇನನ್ನಿಸ್ತಿತ್ತು?"

ಜಲಜಮ್ಮನಿಗೆ ಆ ಕ್ಯಾಪ್ಟನ್ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ.

"ಎಲ್ಲರೂ ಒಟ್ಟಿಗೇ ನೋಡ್ತಿದ್ವಮ್ಮ, ಒಂದು ವಾರಾನೂ ಬಿಟ್ಟಿಲ್ಲ," ಎಂದರು ಗಂಡ ಗುರುರಾಜ್, ಯಾರೂ ಕೇಳದಿದ್ದರೂ. ತನ್ಮಯಿ ಬರೆದುಕೊಂಡಳು. ಜಲಜಮ್ಮ ಹೌದೆಂದು ತಲೆಯಾಡಿಸಿದರು. ಅಲ್ಲ ಅನ್ನುವಷ್ಟು ಸಿಟ್ಟೂ ಅವರಲ್ಲಿ ಉಳಿದಿರಲಿಲ್ಲ.

"ಒಂದು ಕಂತು ಹಾಕ್ತೀನಿ, ನೀವೇ ಮುಂದೆ ಕೂತ್ಕೊಳ್ಳಿ," ಎಂದು ತನ್ಮಯಿ ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿದಳು. ಶುರುವಿನ ಸಂಗೀತ ಮೊಳಗಿತು.

ಯಾವಾಗ ಎದ್ದು ಅಡುಗೆಮನೆಗೆ ಬಂದರೋ ಜಲಜಮ್ಮನಿಗೇ ತಿಳಿಯಲಿಲ್ಲ. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಹಾಲು ಉಕ್ಕಲು ಬಂದಿತ್ತು. ಮನೆಯಲ್ಲಿ ಇದ್ದವರು ಮೂವರು. ಕಟ್ಟೆಯ ಮೇಲೆ ಹದಿನೆಂಟು ಲೋಟ ಸಾಲಾಗಿ ನಿಂತಿದ್ದವು. ಆಗ ಹೊರಗೆ ಕ್ಯಾಪ್ಟನ್ ಮಾತಾಡಿದಳು. ಆ ಭಾನುವಾರಗಳಲ್ಲಿ ಆ ದನಿ ಬಂತೆಂದರೆ ಕಾಫಿಗೆ ಸಕ್ಕರೆ ಹಾಕುವ ಹೊತ್ತು.

ಜಲಜಮ್ಮ ಹಾಕಿದರು, ಹದಿನೆಂಟಕ್ಕೂ.