ಮುಚ್ಚಿದೆನೆಂದು ಬರೆದುಕೊಂಡ ಗುಂಡಿ

ನಮ್ಮ ಓಣಿಯಲ್ಲಿ ಯಾರೋ ಬೋರ್‌ವೆಲ್ ಕೊರೆಸುತ್ತಿದ್ದಾರೆ. ಬೆಳಗಿನಿಂದ ಕಿಟಕಿ ಮುಚ್ಚಿಕೊಂಡು ಕುಳಿತಿದ್ದೇನೆ. ಸದ್ದಿಗಲ್ಲ, ಈ ವಯಸ್ಸಿನ ಕಿವಿಗೆ ಸದ್ದೇನು ಮಹಾ! ಹಸಿ ಕಲ್ಲುಪುಡಿಯ ವಾಸನೆಗೆ. ಅದು ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಅಂಗೈ ಬೆವರುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ.

ಎರಡನೇ ಮಹಾಯುದ್ಧದ ಕಾಲ. ರೈಲಿಗೆ ಕಲ್ಲಿದ್ದಲು ಸಾಲದೆಂದು ಯಾವುದೋ ಕಂಪನಿಯವರು ಆದೋನಿ ಸೀಮೆಗೆ ಬಂದು, ಹಾಲಹರವಿ ಕಡೆಯ ಎರೆಹೊಲಗಳಲ್ಲಿ ಅಲ್ಲಲ್ಲಿ ಕೊರೆದರು. ಮಣ್ಣು ಕಪ್ಪಗಿದ್ದರೆ ಕೆಳಗೆ ಕಲ್ಲಿದ್ದಲು ಇರುತ್ತದೆಂದು ಅವರಿಗೆ ಯಾರು ಹೇಳಿದ್ದರೋ! ಕಲ್ಲು ಬೇಕಾದಷ್ಟು ಸಿಕ್ಕಿತು, ಇದ್ದಲು ಸಿಗಲಿಲ್ಲ. ಅವರು ಯಂತ್ರ ಕಟ್ಟಿಕೊಂಡು ಹೊರಟಾಗ, ತೂತು ಮುಚ್ಚಿಸಿ ಹೊಲಗಳನ್ನು ಮೊದಲಿನಂತೆ ರೈತರಿಗೆ ಒಪ್ಪಿಸುವ ಕೆಲಸ ಅವರ ಗುಮಾಸ್ತನಾದ ನನ್ನ ಕೊರಳಿಗೆ ಬಿತ್ತು. ಕೊರೆದ ತೂತಿನೊಳಗೆ ಜೇಡಿಮಣ್ಣಿನ ಉಂಡೆ ಇಳಿಸಿ ಗಟ್ಟಿಯಾಗಿ ಕುಟ್ಟುತ್ತ ಬರಬೇಕು. ಅದರ ಬಾಯಿಗೆ ತೋಡಿದ್ದ ಎರಡಾಳು ಆಳದ ಗುಂಡಿಗೆ ಗರಸು, ಅಂದರೆ ಕಲ್ಲುಮಿಶ್ರಿತ ಮಣ್ಣು ತುಂಬಿ, ಕೊನೆಗೆ ಎರೆಮಣ್ಣು ಹಾಕಬೇಕು. ಗರಸು ಮೇಲೆ ಬಂದರೆ ಅಲ್ಲಿ ಬೆಳೆ ಏಳುವುದಿಲ್ಲ.

ಎಲ್ಲ ಕಡೆ ಹಾಗೆಯೇ ಮಾಡಿಸಿದೆ, ಈರಮ್ಮನ ಹೊಲದಲ್ಲಿ ಬಿಟ್ಟು. ಈರಮ್ಮ ಗಂಡ ಸತ್ತ ಮೇಲೆ ಮಗನನ್ನು ಕಟ್ಟಿಕೊಂಡು ಬೇಸಾಯ ನಡೆಸುತ್ತಿದ್ದ ಗಟ್ಟಿ ಹೆಂಗಸು. ಅವಳ ಹೊಲದ ತೂತು ಉಸಿರಾಡುತ್ತಿತ್ತು. ಸುಳ್ಳಲ್ಲ. ಬಾಯಿಗೆ ಹತ್ತಿಯ ಎಳೆ ಹಿಡಿದರೆ ಬೆಳಿಗ್ಗೆ ಒಳಗೆ ಎಳೆದುಕೊಳ್ಳುತ್ತಿತ್ತು, ಮಧ್ಯಾಹ್ನ ಹೊರಗೆ ಊದುತ್ತಿತ್ತು. ಯಾರೋ ನರಳಿದಂಥ ಸದ್ದು, ಹಸಿ ಕಲ್ಲುಪುಡಿಯ ವಾಸನೆ ಬೇರೆ. ನಾನು ಹುಟ್ಟು ಪುಕ್ಕಲ. ಒಮ್ಮೆ ಬಗ್ಗಿ ನೋಡಿ ಮೂರು ದಿನ ಜ್ವರದಲ್ಲಿ ಮಲಗಿದೆ. ಮುಚ್ಚಿಸುವ ದಿನ ದೂರದ ಬೇವಿನ ನೆರಳು ಬಿಟ್ಟು ಏಳಲಿಲ್ಲ. ಮೇಸ್ತ್ರಿ ಹುಸೇನಪ್ಪನಿಗೂ ಅಂಜಿಕೆಯೇ. ಗುಂಡಿಗೆ ಅಡ್ಡಲಾಗಿ ಜಾಲಿಕೊಂಬೆ ಇಟ್ಟು, ಜೋಳದ ದಂಟು ಹೊದಿಸಿ, ಮೇಲೆ ಎರೆಮಣ್ಣು ಎಳೆದುಬಿಟ್ಟ.

“ಒಳಗ ಏನೂ ತುಂಬಲಿಲ್ಲಲ್ಲೋ?” ಎಂದೆ, ಕುಳಿತಲ್ಲಿಂದಲೇ.

“ಏಂ ಕಾದು ಸಾಮಿ, ಏನೂ ಆಗಂಗಿಲ್ಲ. ನೀವು ಬರಕೊಳ್ರಿ.”

‘ಮುಚ್ಚಲಾಗಿದೆ’ ಎಂದು ಬರೆದುಕೊಂಡೆ. ಅಕ್ಷರ ಮಾತ್ರ ಮುತ್ತು ಪೋಣಿಸಿದಂತಿತ್ತು.

ಕಂಪನಿ ಹೋಯಿತು, ನಾನು ಆದೋನಿಯ ಹತ್ತಿ ಫ್ಯಾಕ್ಟರಿಯೊಂದಕ್ಕೆ ಸೇರಿದೆ. ಮಳೆ ಬಂದಾಗಲೆಲ್ಲ ಆ ದಂಟು ನೆನೆದು ಕೊಳೆಯುತ್ತಿರುವುದು ಕಣ್ಣಿಗೆ ಕಟ್ಟುತ್ತಿತ್ತು. ಹೋಗಿ ಹೇಳಿಬಿಡಬೇಕು ಅಂದುಕೊಳ್ಳುವುದು, ಅಂಜಿ ನಾಳೆ ಅನ್ನುವುದು. ಹೀಗಿರುವಾಗ, ಹೊಸ ಹತ್ತಿ ತಂದ ಈರಮ್ಮ ಫ್ಯಾಕ್ಟರಿ ಬಾಗಿಲಲ್ಲೇ ಹಿಡಿದಳು.

“ಎಳ್ಳಮಾಸಿಗೆ ಹೊಲಕ್ಕ ಬರ್ರಿ ಸಾಮಿ. ನೀವು ಮುಚ್ಚಿಸಿದ ಜಾಗಾ ಹಂಗೇ ಬೀಳು ಬಿಟ್ಟೀನಿ. ಭೂಮಿತಾಯಿಗೆ ಗಾಯ ಆದ ಜಾಗಾ ಐತಿ ಅದು. ಚರಗ ಚೆಲ್ಲಿ ಆಕಿನ್ನ ಕೇಳಿಕೊಂಡ ಮ್ಯಾಲೇ ಅಲ್ಲಿ ಕೂರಿಗಿ ಹೂಡಾದು. ನಮ್ಮ ಸೊಸಿ ಗಂಗಮ್ಮ ಬಸುರಿ ಅದಾಳ. ಆಕಿ ಕೈಲೇ ಅಲ್ಲಿ ಎಡಿ ಇಡಸ್ತೀನಿ.”

ಅಲ್ಲೇ ಹೇಳಬೇಕಿತ್ತು. “ಆಗಲವ್ವ, ಬರ್ತೀನಿ” ಅಂದೆ.

ಬೆಳೆ ನಿಂತ ಹೊಲ ಬಸುರಿಯಂತೆ ಎಂದು, ಎಳ್ಳಮಾವಾಸ್ಯೆಯ ದಿನ ಬಗೆಬಗೆಯ ಅಡುಗೆ ಮಾಡಿ ಹೊಲದ ಸುತ್ತ ಚೆಲ್ಲುತ್ತಾರೆ, ಅದೇ ಚರಗ. ಬೇಗ ಹೋಗಿ ಹೇಳಿಬಿಡುತ್ತೇನೆಂದು ಹೊರಟವನು ತಲುಪುವ ಹೊತ್ತಿಗೆ ಅವರು ಆಗಲೇ ಸುತ್ತು ಹಾಕುತ್ತಿದ್ದರು. ಮುಂದೆ ಗಂಗಮ್ಮ, ಸೊಂಟದಲ್ಲಿ ನೀರಿನ ತಾಮ್ರದ ಕೊಡ, ಕೈಯಲ್ಲಿ ಕಡುಬಿನ ತಟ್ಟೆ. ಹಿಂದೆ ಈರಮ್ಮ. ಅವರು ಜೋಳದ ಸಾಲು ದಾಟಿ ಆ ಬೀಳು ಜಾಗದ ಕಡೆ ತಿರುಗಿದರು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಕೂಗಿದರೆ ನಾನು ಬರೆದದ್ದು ಸುಳ್ಳೆಂದು ಎಲ್ಲರಿಗೂ ತಿಳಿಯುತ್ತದೆ. ಒಂದು ಕಡೆ ನನ್ನ ಮಾನ, ಇನ್ನೊಂದು ಕಡೆ ಎರಡು ಜೀವ. ಯಾವುದು ಹೆಚ್ಚೆಂದು ತಿಳಿಯದಷ್ಟು ದಡ್ಡನಲ್ಲ ನಾನು. ಆದರೂ ನಾಲಿಗೆ ಏಳಲಿಲ್ಲ.

ಗಂಗಮ್ಮ ಭಾರಕ್ಕೆ ಬಗ್ಗಿ, ಕೊಡವನ್ನು ಮುಂದಿಟ್ಟು ಆಮೇಲೆ ಕಾಲೆತ್ತಿದಳು. ಮಣ್ಣು ಕುಸಿಯಿತು. ಕೊಡ ಕಾಣಲಿಲ್ಲ. ಕೆಳಗೆ ಅದು ಠಣ್ಣೆಂದದ್ದು ಕೇಳುವಷ್ಟರಲ್ಲಿ ಈರಮ್ಮ ಸೊಸೆಯ ರಟ್ಟೆ ಹಿಡಿದು ಹಿಂದಕ್ಕೆಳೆದಿದ್ದಳು. ಇಬ್ಬರೂ ಸಾಲಿನ ಮೇಲೆ ಬಿದ್ದರು. ಆಮೇಲೆ ಈರಮ್ಮ ನನ್ನ ಕಡೆ ನೋಡಿದಳು.

“ನಿಮಗ ಗೊತ್ತಿತ್ತೇನ್ರಿ ಸಾಮಿ?”

“ಇಲ್ಲವ್ವ.”

“ಗೊತ್ತಿದ್ರ ಒದರ್ತಿದ್ರಿ ಬಿಡ್ರಿ. ನೀವು ಅಂಥವರಲ್ಲ” ಎಂದು, ನನಗೆ ಸಜ್ಜೆರೊಟ್ಟಿ ಬಡಿಸಿದಳು. ಉಂಡೆ.

ಮೂರು ದಿನ ಅಲ್ಲೇ ನಿಂತೆ. ನಾನೇ ಗುಂಡಿಗಿಳಿದು ಜೇಡಿ ಕುಟ್ಟಿದೆ, ಗರಸು ತುಂಬಿದೆ, ಮೇಲೆ ಎರೆ ಹರಡಿದೆ. ತೂತಿನ ಉಸಿರು ಕಾಲಿಗೆ ತಾಗುತ್ತಿತ್ತು. ಅದರ ಭಯವೇ ಆಗಲಿಲ್ಲ. ಮೇಲೆ ನಿಂತು ನೋಡುತ್ತಿದ್ದ ಈರಮ್ಮನ ಮುಖ ನೋಡಲು ಭಯವಾಗುತ್ತಿತ್ತು. ಮರುವರ್ಷ ಅಲ್ಲಿ ಜೋಳ ಆಳೆತ್ತರ ಬಂತಂತೆ. ಈರಮ್ಮ ಇರುವ ತನಕ ಪ್ರತಿವರ್ಷ ನಮ್ಮ ಮನೆಗೆ ಅದೇ ಜಾಗದ ಎಳೆ ತೆನೆ ಸುಟ್ಟು ಬಿಡಿಸಿದ ಸಿಹಿ ಸೀತನಿ ಕಳಿಸಿದಳು. ಮನೆಮಂದಿಯೆಲ್ಲ ಬಾಯಿ ಚಪ್ಪರಿಸಿ ತಿಂದರು. ನಾನು ನನ್ನ ಪಾಲನ್ನು ಮಕ್ಕಳ ತಟ್ಟೆಗೆ ಸುರಿಯುತ್ತಿದ್ದೆ.

ಈ ಮಾತನ್ನು ಹೆಂಡತಿಗೂ ಹೇಳಿದವನಲ್ಲ, ಈಗ ನಿಮಗೆ ಹೇಳಿದೆ. ಗಂಗಮ್ಮ ಇನ್ನೂ ಇದ್ದಾಳೆ, ಎಮ್ಮಿಗನೂರಲ್ಲಿ ಮಗಳ ಮನೆಯಲ್ಲಿ. ಆ ದಿನ ಹೊಟ್ಟೆಯಲ್ಲಿದ್ದವಳೇ ಆ ಮಗಳು. ಅಂಗಿ ತೊಟ್ಟುಕೊಂಡಿದ್ದೇನೆ, ಮಧ್ಯಾಹ್ನಕ್ಕೊಂದು ಬಸ್ಸಿದೆ. ಇಬ್ಬರ ಎದುರಿಗೂ ನಿಂತು ಹೇಳಬೇಕು: ನನಗ ಗೊತ್ತಿತ್ತವ್ವ, ನಾನು ಒದರಲಿಲ್ಲ.